ಲಿಂಗಸುಗೂರು ಕಡೆ ಬೋರ್‌ವೆಲ್ ನೀರಿಗೆ ಆರ್ಸೆನಿಕ್ ಅನ್ನೋ ವಿಷ ಎಲ್ಲಿಂದ ಬರುತ್ತದೆ? ಕಾಯಿಸಿದರೆ ಹೋಗುತ್ತಾ?
ಬಂಡೆಯಿಂದಲೇ ಬರುತ್ತದೆ. ಹಟ್ಟಿ ಚಿನ್ನದ ಗಣಿ ಸುತ್ತಮುತ್ತ ಚಿನ್ನ ಸಿಗುವ ಕಲ್ಲಿನಲ್ಲಿ ಆರ್ಸೆನೋಪೈರೈಟ್ ಅನ್ನೋ ಖನಿಜವೂ ಇದೆ, ಅದರೊಳಗೆ ಕಬ್ಬಿಣ, ಗಂಧಕದ ಜೊತೆ ಆರ್ಸೆನಿಕ್ ಸೇರಿಕೊಂಡಿರುತ್ತದೆ. ಬಿರುಕಿನಲ್ಲಿ ಗಾಳಿ, ನೀರು ತಾಗಿ ತಾಗಿ ಖನಿಜ ಕರಗಿದಂತೆ ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಗಣಿಯಿಂದ ತೆಗೆದು ಹಾಕಿದ ಪುಡಿಗಲ್ಲಿನ ರಾಶಿಯಲ್ಲಂತೂ ಇದು ಇನ್ನೂ ಬೇಗ ಆಗುತ್ತದೆ. ಹಾಗಂತ ಎಲ್ಲ ಬೋರೂ ಕೆಟ್ಟಿರುವುದಿಲ್ಲ, ಪಕ್ಕದ ಹೊಲದ ನೀರು ಚೆನ್ನಾಗಿರಬಹುದು. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗಲ್ಲ, ಪರೀಕ್ಷೆ ಮಾಡಿಸಲೇಬೇಕು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ದಯವಿಟ್ಟು ಕಾಯಿಸಿ ಕುಡಿದರೆ ಸಾಕು ಅಂದುಕೊಳ್ಳಬೇಡಿ. ನೀರು ಆವಿಯಾಗಿ, ಉಳಿದದ್ದರಲ್ಲಿ ಆರ್ಸೆನಿಕ್ ಜಾಸ್ತಿನೇ ಆಗುತ್ತದೆ. ಮನೆಯಲ್ಲಿ ಯಾರಿಗಾದರೂ ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗಿದ್ದರೆ ಅದು ಆರ್ಸೆನಿಕ್ ಲಕ್ಷಣ ಇರಬಹುದು, ಡಾಕ್ಟರಿಗೆ ತೋರಿಸಿ, ನೀರಿನ ರಿಪೋರ್ಟ್ ಬರುವ ತನಕ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.