ಡಿಗ್ರಿ ಕಾಲೇಜಿಗೆ ಎಸ್‌ಇಎಂ ಒಳ್ಳೆಯದಾ, ಕಾನ್‌ಫೋಕಲ್ ಒಳ್ಳೆಯದಾ?

ಎರಡೂ ಬೇಡ ಮೇಡಂ. ಗ್ರಾಂಟ್ ಬಂದಿದೆ, ಮಾರ್ಚ್ ಒಳಗೆ ಖರ್ಚು ಮಾಡಬೇಕು, ಬಿಎಸ್ಸಿ ಮಕ್ಕಳ ಪ್ರಾಜೆಕ್ಟಿಗೆ ಎಲೆಕ್ಟ್ರಾನ್ ಕಿರಣದಿಂದ ಮೇಲ್ಮೈ ಚಿತ್ರ ತೆಗೆಯುವ ಎಸ್‌ಇಎಂ ತಗೊಳ್ಳೋದಾ, ಲೇಸರ್ ಬೆಳಕಿನಲ್ಲಿ ಪದರ ಪದರವಾಗಿ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ತಗೊಳ್ಳೋದಾ ಅಂತ ಕೇಳಿದ್ದೀರಿ. ಆ "ಮಾರ್ಚ್ ಒಳಗೆ" ಅನ್ನೋದನ್ನು ಓದಿದ ಕೂಡಲೇ ನಮ್ಮ ಕಾಲೇಜಿನ ಕಾರಿಡಾರ್ ಕಣ್ಣ ಮುಂದೆ ಬಂತು.

ನಮ್ಮದು ಮಲೆನಾಡಿನ ಡಿಗ್ರಿ ಕಾಲೇಜು. ಉಪಕರಣಕ್ಕೆ ಅಂತಲೇ ಹಣ ಬಂದಾಗ ಎಲ್ಲರಿಗೂ ಎಸ್‌ಇಎಂ ಹುಚ್ಚು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವ ಡಿಗ್ರಿ ಕಾಲೇಜು ಅಂದರೆ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡದ ಮುಂದೆ ಒಂದು ತೂಕ ಅಲ್ವಾ? ಪರ್ಚೇಸ್ ಕಮಿಟಿಯಲ್ಲಿ ನಾನಿದ್ದೆ. ಆರ್ಡರ್ ಬರೆದವನೂ ನಾನೇ.

ಅದರಲ್ಲಿ ಒಂದು ಸಾಲು: "ವಾರಂಟಿ 12 ತಿಂಗಳು." ಯಾವತ್ತಿನಿಂದ ಅಂತ ಬರೆಯಲಿಲ್ಲ. ಕಂಪನಿಯ ಕೊಟೇಶನ್ನಿನ ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್‌ವಾಯ್ಸ್ ದಿನದಿಂದ ಅಂತ ಇತ್ತು. ನಾವು ಏನೂ ಬರೆಯದಿದ್ದರೆ ಅವರು ಬರೆದಿದ್ದೇ ನಿಲ್ಲುತ್ತದೆ. ನಾನು ಬರೆಯಬೇಕಾಗಿದ್ದದ್ದು ಇಷ್ಟೇ: "ಇನ್‌ಸ್ಟಾಲೇಶನ್ ಆಗಿ, ನಮ್ಮ ಸ್ಯಾಂಪಲ್ ಹಾಕಿ ಚಿತ್ರ ತೆಗೆದು ತೋರಿಸಿ, ನಾವು ಸಹಿ ಹಾಕಿದ ದಿನದಿಂದ." ದಿನದಿಂದ ಅನ್ನುವ ಒಂದು ವಿಭಕ್ತಿ ಪ್ರತ್ಯಯಕ್ಕೆ ಎಷ್ಟು ದುಡ್ಡು ಹೋಯಿತು ಅಂತ ಕೇಳಬೇಡಿ.

ಯಾಕೆ ಹೋಯಿತು ಅಂದರೆ, ಮಾರ್ಚ್ ಕೊನೇ ವಾರ ಪೆಟ್ಟಿಗೆಗಳು ಬಂದವು. ಹಣ ಖರ್ಚಾಯಿತು ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸೋ ಅವಸರಕ್ಕೆ ಪೂರ್ತಿ ಹಣ ಕೊಟ್ಟುಬಿಟ್ಟೆವು. ಕೋಣೆ ಮಾತ್ರ ರೆಡಿ ಇರಲಿಲ್ಲ. ಎಸಿ ಇಲ್ಲ, ಯುಪಿಎಸ್ ಇಲ್ಲ. ಎಂಜಿನಿಯರ್ ಬಂದು ಪ್ಲಗ್ಗಿಗೆ ಮೀಟರ್ ಹಿಡಿದು, "ಸರ್, ಅರ್ತಿಂಗ್ ಸರಿಯಿಲ್ಲ, ನಾನು ಆನ್ ಮಾಡಲ್ಲ" ಅಂತ ಹೇಳಿ ಸಂಜೆ ಬಸ್ಸಿಗೇ ಹೋದರು. ಹೊಸ ಅರ್ತ್ ಪಿಟ್ ತೆಗೆಸಲು ಗ್ರಾಂಟಿನಲ್ಲಿ ದುಡ್ಡಿಲ್ಲ, ಅದು ಬರೀ ಉಪಕರಣಕ್ಕೆ. ಮ್ಯಾನೇಜ್‌ಮೆಂಟ್ ಒಪ್ಪುವಷ್ಟರಲ್ಲಿ ಮಳೆಗಾಲ. ಮರದ ಪೆಟ್ಟಿಗೆಗಳು ಟಾರ್ಪಾಲ್ ಹೊದ್ದು ಕಾರಿಡಾರಿನಲ್ಲಿ ಕೂತವು. ವಾರಂಟಿ ಪಾಡಿಗೆ ವಾರಂಟಿ ಓಡುತ್ತಿತ್ತು. ಮಳೆ ನಿಂತ ಮೇಲೆ ಮೆಷಿನ್ ಶುರುವಾಯಿತು. ಒಳಗಿನ ಗಾಳಿ ಹೊರತೆಗೆಯುವ ವ್ಯಾಕ್ಯೂಮ್ ಪಂಪ್ ಕೈಕೊಟ್ಟಾಗ ಫೋನ್ ಮಾಡಿದರೆ ವಾರಂಟಿ ಮುಗಿದಿದೆ ಅಂದರು. ಕಾಗದದ ಪ್ರಕಾರ ಅವರದ್ದೇ ಸರಿ. ಮುಂದಿನ ವರ್ಷಗಳ ಸಿಎಂಸಿ (ಬಿಡಿಭಾಗವೂ ಸೇರಿದ ನಿರ್ವಹಣಾ ಒಪ್ಪಂದ) ದರವನ್ನೂ ಆರ್ಡರಿನಲ್ಲೇ ಕಟ್ಟಿಹಾಕಿರಲಿಲ್ಲ. ಆಮೇಲೆ ಅವರು ಹೇಳಿದ ರೇಟು ನಮ್ಮ ಡಿಪಾರ್ಟ್‌ಮೆಂಟಿನ ವರ್ಷದ ಖರ್ಚಿಗಿಂತ ಜಾಸ್ತಿ.

ಪಂಪ್ ಸರಿಯಿದ್ದಾಗಲೂ ಮಕ್ಕಳು ಎಷ್ಟು ಬಳಸಿದರು? ಒಣಗಿದ ಇರುವೆಯಾದರೆ ಸುಲಭ, ಮೇಲೆ ಚಿನ್ನದ ತೆಳು ಲೇಪ ಕೊಟ್ಟು ಒಳಗಿಟ್ಟರೆ ಆಯಿತು. ಎಲೆ, ಬೇರು, ಹುಳುವಿನ ಮರಿ ಅಂದರೆ ಬೇರೆ ಕಥೆ. ಗ್ಲುಟರಾಲ್ಡಿಹೈಡಿನಲ್ಲಿ ಕೆಡದ ಹಾಗೆ ಫಿಕ್ಸ್ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಆಲ್ಕೋಹಾಲಿಗೆ ಏರಿಸಿ, ಕ್ರಿಟಿಕಲ್ ಪಾಯಿಂಟ್ ಡ್ರೈಯರ್ ಅನ್ನುವ ಯಂತ್ರದಲ್ಲಿ ಸುಕ್ಕುಗಟ್ಟದ ಹಾಗೆ ಒಣಗಿಸಬೇಕು. ಆ ಡ್ರೈಯರ್ ನಾವು ತಗೊಂಡೇ ಇರಲಿಲ್ಲ! ಎಲೆಕ್ಟ್ರಾನ್ ಹೊಮ್ಮಿಸುವ ಟಂಗ್‌ಸ್ಟನ್ ಫಿಲಮೆಂಟೂ ಸುಟ್ಟುಹೋಗುತ್ತಿರುತ್ತದೆ, ಬದಲಾಯಿಸುತ್ತಲೇ ಇರಬೇಕು. ಹಾಗಾಗಿ ಗುಂಡಿ ಒತ್ತುವವರು ನಾವು, ಹಿಂದೆ ನಿಂತು ನೋಡುವವರು ಮಕ್ಕಳು. ಅದು ಸಂಶೋಧನೆಯಲ್ಲ, ಪ್ರದರ್ಶನ. ಕಾನ್‌ಫೋಕಲ್ ಬಗ್ಗೆ ಸುಮ್ನೆ ಉದ್ದ ಮಾಡಲ್ಲ. ಅದರ ಬೆಲೆಯೂ ಲೇಸರ್ ರಿಪೇರಿಯೂ ಇನ್ನೂ ಭಾರ.

ನನ್ನನ್ನು ಕೇಳಿದರೆ ಎಲ್‌ಇಡಿ ಬೆಳಕಿನ ಒಂದು ಒಳ್ಳೆಯ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ (ಬೆಳಕು ಬಿದ್ದಾಗ ಬೇರೆ ಬಣ್ಣದಲ್ಲಿ ಹೊಳೆಯುವ ಭಾಗಗಳನ್ನು ತೋರಿಸುವಂಥದ್ದು), ಅದಕ್ಕೊಂದು ಕ್ಯಾಮೆರಾ ತಗೊಳ್ಳಿ. ಮರ್ಕ್ಯುರಿ ಲ್ಯಾಂಪಿನದು ಕಡಿಮೆಗೆ ಕೊಡ್ತೀನಿ ಅಂತ ಬಂದರೂ ಬೇಡ. ಅಂಥ 100 ವಾಟ್ ಬಲ್ಬಿನ ಆಯಸ್ಸು ಸುಮಾರು 200 ಗಂಟೆ, ಆರಿಸಿದರೆ ಪೂರ್ತಿ ತಣಿಯುವವರೆಗೆ ಮತ್ತೆ ಹಚ್ಚುವಂತಿಲ್ಲ. ಅಂಗಳದ ದಾಸವಾಳದ ಪರಾಗವನ್ನು ಎಲ್‌ಇಡಿಯದರ ಕೆಳಗೆ ಇಟ್ಟು ನೋಡಿ. ಬಣ್ಣ ಹಾಕಬೇಕಿಲ್ಲ, ಮುಳ್ಳುಮುಳ್ಳಾಗಿ ತಾನೇ ಹೊಳೆಯುತ್ತದೆ. ಆ ಸ್ಲೈಡನ್ನು ಫಸ್ಟ್ ಇಯರ್ ಹುಡುಗಿ ತಾನೇ ಮಾಡಿಕೊಳ್ಳಬಹುದು. ಉಳಿದ ದುಡ್ಡಿಗೆ ಮಕ್ಕಳ ಕೈಗೆ ಬೈನಾಕ್ಯುಲರ್ ಮೈಕ್ರೋಸ್ಕೋಪ್‌ಗಳು, ಜೊತೆಗೆ ತೇವ ತಟ್ಟದ ಹಾಗೆ ಇಡಲು ಒಂದು ಡ್ರೈ ಕ್ಯಾಬಿನೆಟ್. ನಮ್ಮ ಕಡೆ ಮಳೆಗಾಲಕ್ಕೆ ಆಬ್ಜೆಕ್ಟಿವ್ ಲೆನ್ಸಿನೊಳಗೆ ಬಿಳಿ ಬಲೆಯ ಹಾಗೆ ಬೂಸ್ಟು ಹಬ್ಬುತ್ತದೆ. ಒಮ್ಮೆ ಗಾಜಿನ ಕೋಟಿಂಗ್ ತಿಂದರೆ ಒರೆಸಿ ಉಪಯೋಗವಿಲ್ಲ.

ಎಸ್‌ಇಎಂ ಚಿತ್ರ ಬೇಕೇ ಬೇಕಾದಾಗ ಸ್ಯಾಂಪಲ್ ಹೊರಗೆ ಕಳಿಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಬೆಂಬಲದ ಸೈಫ್ ಕೇಂದ್ರವಿದೆ, ಅಲ್ಲಿನ ಉಪಕರಣಗಳನ್ನು ಹೊರಗಿನವರೂ ಬಳಸಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್‌ನಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್ಲಿನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಬಹುದು, ಸ್ಲಾಟ್ ಬುಕ್ ಮಾಡಬಹುದು. ಇಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ನಮ್ಮ ಕಾರಿಡಾರಿನಲ್ಲಿ ಕಲಿತದ್ದಕ್ಕಿಂತ ಅಲ್ಲಿ ಒಂದು ದಿನದಲ್ಲಿ ಜಾಸ್ತಿ ಕಲಿಯುತ್ತಾರೆ.

ಮಂಜೂರಾತಿ ಪತ್ರದಲ್ಲಿ ಎಸ್‌ಇಎಂ ಅಂತ ಹೆಸರೇ ಹಾಕಿದ್ದರೆ ಉಪಕರಣ ಬದಲಾವಣೆಗೆ ಅನುಮತಿ ಕೇಳಿ ಪ್ರಿನ್ಸಿಪಾಲರ ಸಹಿಯಲ್ಲಿ ಈ ವಾರವೇ ಪತ್ರ ಹಾಕಿ. ಜೊತೆಗೆ ಹಣದ ಅವಧಿ ಮುಂದಕ್ಕೆ ಹಾಕಲೂ ಕೇಳಿಕೊಳ್ಳಿ. ಏನೇ ತಗೊಂಡರೂ ಅರ್ತಿಂಗ್ ಪರೀಕ್ಷೆ ಆಗುವವರೆಗೆ ಆರ್ಡರಿಗೆ ಸಹಿ ಹಾಕಬೇಡಿ. ಇನ್‌ಸ್ಟಾಲೇಶನ್ ಮುಗಿಯುವವರೆಗೆ ಬಿಲ್ಲಿನ ಒಂದು ಭಾಗವನ್ನಾದರೂ ತಡೆಹಿಡಿಯುವ ಷರತ್ತು ಹಾಕಿ.