ಥೈರಾಯ್ಡ್ ಕ್ಯಾನ್ಸರ್ ಶ್ವಾಸನಾಳಕ್ಕೆ ಹಬ್ಬಿದರೆ ಆಪರೇಷನ್ ಹೇಗೆ?

ಅತ್ತೆಯವರ ಥೈರಾಯ್ಡ್ ಗಡ್ಡೆ ಶ್ವಾಸನಾಳಕ್ಕೂ ಹಬ್ಬಿದೆ, ನಾಳವನ್ನೇ ತೆಗೆಯಬೇಕಾ ಅಂತ ಕೊಪ್ಪಳದಿಂದ ಕೇಳಿದ್ದೀರಿ. ಪೂರ್ತಿ ನಾಳ ತೆಗೆಯುವುದಿಲ್ಲ, ಧೈರ್ಯವಾಗಿರಿ.

ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದೇ ಮುಖ್ಯ. ಹೊರಮೈಗೆ ಮಾತ್ರ ಅಂಟಿದ್ದರೆ ಥೈರಾಯ್ಡ್ ಜೊತೆಗೇ ಅದನ್ನು ಹೆರೆದು ತೆಗೆಯುತ್ತಾರೆ. ಒಳಗೆ ಹೊಕ್ಕಿದ್ದರೆ ಅಷ್ಟು ಸಾಲದು. ಶ್ವಾಸನಾಳ ಮೆದು ಎಲುಬಿನ ಉಂಗುರಗಳಿಂದಾದದ್ದು; ಆ ಭಾಗದ ಉಂಗುರಗಳನ್ನೇ ಕತ್ತರಿಸಿ, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ನಾಳದಲ್ಲಿ ಸುಮಾರು 16ರಿಂದ 20 ಉಂಗುರಗಳಿರುತ್ತವೆ. ನಾಲ್ಕೈದು ಹೋದರೂ ಸಾಮಾನ್ಯವಾಗಿ ಜೋಡಿಸಬಹುದು.

ಧ್ವನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ, ದನಿ ಬದಲಾಗುವ ಅಪಾಯ ಇದ್ದೇ ಇದೆ. ಅದನ್ನು ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಶ್ವಾಸನಾಳದ ಒಳಗೆ ನೋಡುವ ಪರೀಕ್ಷೆ) ಆಗಿದೆಯಾ ನೋಡಿ. ಸುಮ್ನೆ ಅವಸರ ಬೇಡ, ಇದು ಪಳಗಿದ ಕೈ ಬೇಕಾದ ಆಪರೇಷನ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಆದರೆ ಉಸಿರು ಕಟ್ಟಿದರೆ, ಕೆಮ್ಮಿದಾಗ ರಕ್ತ ಬಂದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.