ಟವೆಲ್ ಸುತ್ತಿಕೊಂಡರೆ ಕಲ್ಲಿನ ಧೂಳು ನಿಲ್ಲುತ್ತದಾ?

ಪ್ರಶ್ನೆ: ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸ ಮಾಡುತ್ತೇನೆ. ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡರೆ ಸಾಕಲ್ವಾ?

ಉತ್ತರ: ಸಾಲದು ಅಣ್ಣಾ. ಟವೆಲ್ಲಿಗೆ ಅಂಟುವುದು ಕಣ್ಣಿಗೆ ಕಾಣುವ ಧೂಳು ಮಾತ್ರ, ಶ್ವಾಸಕೋಶ ಹಾಳು ಮಾಡುವ ಸಿಲಿಕಾ ಪುಡಿ ಕಾಣದಷ್ಟು ಸಣ್ಣದು, ನೂಲಿನ ಸಂದಿಯಲ್ಲಿ ಸಲೀಸಾಗಿ ನುಸುಳಿ ಒಳಗೆ ಹೋಗುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಐಎಸ್ 9473 (ಧೂಳಿನ ಮಾಸ್ಕಿನ ಭಾರತೀಯ ಮಾನದಂಡ) ಗುರುತಿರುವ, ಸಣ್ಣ ಧೂಳು ಸೋಸುವ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್ ಕೊಡಿಸಿ ಅಂತ ಮಾಲೀಕರನ್ನೇ ಕೇಳಿ. ಉಸಿರು ಹೊರಬಿಡಲು ವಾಲ್ವ್ ಇರುವುದಾದರೆ ಉಸಿರಾಟ ಸ್ವಲ್ಪ ಹಗುರ. ಹಾಕಿಕೊಂಡ ಮೇಲೆ ಮೂಗಿನ ಪಟ್ಟಿ ಒತ್ತಿ, ಮಾಸ್ಕನ್ನು ಎರಡೂ ಕೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಹತ್ತಿರ ಗಾಳಿ ತಾಗಿದರೆ ಸರಿಯಾಗಿ ಕೂತಿಲ್ಲ ಅಂತ. ಗಡ್ಡ ಇದ್ದರಂತೂ ಕೂರುವುದೇ ಇಲ್ಲ. ಇನ್ನೊಂದು, ಒಣಕಲ್ಲು ಉಜ್ಜಬೇಡಿ, ನೀರಿನ ಪೈಪ್ ಇರುವ ಮೆಷಿನ್ ಬಳಸಿದರೆ ಧೂಳು ಏಳುವುದೇ ಕಡಿಮೆ.